ಶಾಖೆಗೊಂದು ಡೊಮೈನ್ ಕಂಟ್ರೋಲರ್: ಮೂರು ದಶಕಗಳ ಲೆಕ್ಕಾಚಾರ

ಸಂಸ್ಥೆಯೊಂದರ ಕಂಪ್ಯೂಟರ್ ಜಾಲದಲ್ಲಿ ಯಾರು ಯಾರೆಂದು ಗುರುತಿಸಿ ಒಳಬಿಡುವ ಸರ್ವರ್‌ಗೆ ಡೊಮೈನ್ ಕಂಟ್ರೋಲರ್ ಎಂದು ಹೆಸರು. ಆ ಕೆಲಸದವರ ಬಾಯಲ್ಲಿ ಅದು ಬರೀ ಡಿಸಿ. ನೌಕರರ ಹೆಸರು, ಅವರ ಪಾಸ್‌ವರ್ಡ್‌ಗಳ ಗುರುತು, ಯಾರು ಯಾವ ಗುಂಪಿಗೆ ಸೇರಿದವರು, ಯಾವ ಕಂಪ್ಯೂಟರ್‌ಗಳು ಸಂಸ್ಥೆಗೆ ಸೇರಿದವು ಎಂಬ ಪಟ್ಟಿಯೆಲ್ಲ ಅದರ ಡಿಸ್ಕಿನಲ್ಲಿರುತ್ತದೆ. ಪ್ರಧಾನ ಕಚೇರಿಯಲ್ಲಿ ಅದು ಇರಲೇಬೇಕೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನೂರಾರು ಕಿಲೋಮೀಟರ್ ದೂರದಲ್ಲಿ ಹತ್ತು ಹದಿನೈದು ಜನ ಕೂತು ಕೆಲಸ ಮಾಡುವ ಶಾಖೆಗೂ ಅಂಥದ್ದೊಂದು ಬೇಕೇ ಎಂಬ ಪ್ರಶ್ನೆ ಮಾತ್ರ 1990ರ ದಶಕದಿಂದ ಸಿಸ್ಟಂ ಅಡ್ಮಿನಿಸ್ಟ್ರೇಟರ್‌ಗಳನ್ನು ಬಿಟ್ಟಿಲ್ಲ. ಅದರ ಉತ್ತರ ಕಾಲಕಾಲಕ್ಕೆ ತಿರುಗುತ್ತ ಬಂದಿದೆ. ಹಾಗೆ ತಿರುಗಿಸಿದ ಸಂಗತಿಗಳಲ್ಲಿ ಸಾಫ್ಟ್‌ವೇರ್‌ನಷ್ಟೇ ಪಾಲು ಲೈನಿನ ಬಾಡಿಗೆಗೂ ಸರ್ವರ್ ಇಟ್ಟ ಕೋಣೆಯ ಬೀಗಕ್ಕೂ ಇದೆ.

ಮೊದಮೊದಲು ಈ ಪ್ರಶ್ನೆ ಹುಟ್ಟುವಂತೆಯೇ ಇರಲಿಲ್ಲ. ನೋವೆಲ್ ಕಂಪನಿಯ ನೆಟ್‌ವೇರ್ 3 ಆಳುತ್ತಿದ್ದ ದಿನಗಳಲ್ಲಿ ಪ್ರತಿ ಸರ್ವರ್‌ಗೂ ಬೈಂಡರಿ ಎಂಬ ತನ್ನದೇ ಬಳಕೆದಾರರ ಪಟ್ಟಿ ಇರುತ್ತಿತ್ತು. ಶಾಖೆಯ ಸರ್ವರ್‌ನಲ್ಲಿ ಶಾಖೆಯ ಪಟ್ಟಿ, ಪ್ರಧಾನ ಕಚೇರಿಯ ಸರ್ವರ್‌ನಲ್ಲಿ ಅಲ್ಲಿನ ಪಟ್ಟಿ. ಮೂರು ಸರ್ವರ್ ಬಳಸುವವರಿಗೆ ಮೂರು ಖಾತೆ, ಮೂರು ಪಾಸ್‌ವರ್ಡ್. ಇಡೀ ಸಂಸ್ಥೆಗೆ ಒಂದೇ ಪಟ್ಟಿ ಇರಬೇಕೆಂಬ ಆಲೋಚನೆಯನ್ನು ಮಾರುಕಟ್ಟೆಗೆ ತಂದವರಲ್ಲಿ ಅಮೆರಿಕದ ಬ್ಯಾನ್ಯನ್ ಕಂಪನಿ ಮೊದಲಿಗರ ಸಾಲಿನದು. 1980ರ ದಶಕದಲ್ಲೇ ಬಂದ ಅದರ ಸ್ಟ್ರೀಟ್‌ಟಾಕ್ ವ್ಯವಸ್ಥೆಯನ್ನು ಅಮೆರಿಕದ ಮರೀನ್ ಪಡೆಯೂ ಬಳಸಿತು. ನೋವೆಲ್ 1993ರಲ್ಲಿ ನೆಟ್‌ವೇರ್ 4ರ ಜೊತೆ ತನ್ನ ಡೈರೆಕ್ಟರಿಯನ್ನು ಹೊರತಂದಿತು. ಅದರಲ್ಲಿ ಪಟ್ಟಿಯನ್ನು ಭಾಗ ಮಾಡಿ, ಶಾಖೆಗೆ ಸಂಬಂಧಿಸಿದ ಭಾಗವನ್ನಷ್ಟೇ ಶಾಖೆಯ ಸರ್ವರ್‌ನಲ್ಲಿ ಇಡಬಹುದಾಗಿತ್ತು. ಓದಲು ಮಾತ್ರ ಬರುವ ನಕಲನ್ನು ಇಡುವುದಕ್ಕೂ ಅವಕಾಶವಿತ್ತು. ಈ ವಿವೇಕ ಮೈಕ್ರೋಸಾಫ್ಟ್‌ನ ವ್ಯವಸ್ಥೆಗೆ ಕೂಡಿಬರಲು ಹದಿನೈದು ವರ್ಷ ಹಿಡಿಯಿತು, ಬಂದಾಗಲೂ ಅರ್ಧವಷ್ಟೇ ಬಂತು.

ಮೈಕ್ರೋಸಾಫ್ಟ್‌ನ ವಿಂಡೋಸ್ ಎನ್‌ಟಿ 3.1 ಹೊರಬಂದದ್ದು 1993ರ ಜುಲೈನಲ್ಲಿ. 1996ರ ಎನ್‌ಟಿ 4.0 ಹೊತ್ತಿಗೆ ಅದು ಕಚೇರಿಗಳಲ್ಲಿ ಬೇರೂರಿತು. ಅದರ ಡೊಮೈನ್ ವ್ಯವಸ್ಥೆ ಸರಳವಾಗಿತ್ತು. ಮೂಲ ಪಟ್ಟಿ ಇರುವುದು ಪ್ರೈಮರಿ ಡೊಮೈನ್ ಕಂಟ್ರೋಲರ್‌ನಲ್ಲಿ, ಅಂದರೆ ಪಿಡಿಸಿಯಲ್ಲಿ. ಬದಲಾವಣೆಗಳೆಲ್ಲ ಅಲ್ಲೇ ಆಗಬೇಕು. ಉಳಿದವು ಬ್ಯಾಕಪ್ ಡೊಮೈನ್ ಕಂಟ್ರೋಲರ್‌ಗಳು, ಬಿಡಿಸಿಗಳು. ಅವುಗಳಲ್ಲಿ ಇರುವುದು ನಕಲು. ಪಿಡಿಸಿ ಐದು ನಿಮಿಷಕ್ಕೊಮ್ಮೆ ಬದಲಾವಣೆಗಳನ್ನು ನೋಡಿ ಬಿಡಿಸಿಗಳಿಗೆ ಸುದ್ದಿ ಮುಟ್ಟಿಸುತ್ತಿತ್ತು. ಶಾಖೆಯಲ್ಲೊಂದು ಬಿಡಿಸಿ ಇದ್ದರೆ ಅಲ್ಲಿನವರು ಲಾಗಿನ್ ಆಗಲು ಲೈನ್ ದಾಟಬೇಕಾಗಿರಲಿಲ್ಲ. ಪಾಸ್‌ವರ್ಡ್ ಬದಲಿಸಬೇಕಾದರೆ ಮಾತ್ರ ಪಿಡಿಸಿ ಸಿಗಲೇಬೇಕಿತ್ತು.

ಆ ಕಾಲದ ಲೈನ್‌ಗಳನ್ನು ನೆನೆದರೆ ಬಿಡಿಸಿಯ ಮೇಲಿನ ಮೋಹ ಅರ್ಥವಾಗುತ್ತದೆ. ಸೆಕೆಂಡಿಗೆ 9.6 ಅಥವಾ 64 ಕಿಲೋಬಿಟ್ ಸಾಗಿಸುವ ಲೀಸ್ಡ್ ಲೈನ್ ಎಂದರೆ ದುಬಾರಿ ಬಾಬ್ತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದೇ 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಬ್ಯಾಂಕುಗಳನ್ನು ಒಂದು ಜಾಲಕ್ಕೆ ಸೇರಿಸಲು 1999ರಲ್ಲಿ ಇನ್‌ಫಿನೆಟ್ ಶುರುವಾದಾಗ ಅದು ಉಪಗ್ರಹದ ಮೂಲಕ ಮಾತಾಡುವ ವಿಸ್ಯಾಟ್ ಡಿಶ್‌ಗಳನ್ನು ನಂಬಿಕೊಂಡಿತ್ತು. ಭೂಸ್ಥಿರ ಉಪಗ್ರಹ ಇರುವುದು ಸುಮಾರು 35,786 ಕಿಲೋಮೀಟರ್ ಮೇಲೆ. ಕೇಳಿಕೆಯೊಂದು ಮೇಲೇರಿ ಇಳಿದು, ಉತ್ತರವೂ ಹಾಗೇ ಮೇಲೇರಿ ಇಳಿಯುವಷ್ಟರಲ್ಲಿ ಬೆಳಕಿನ ವೇಗದಲ್ಲೇ ಅರ್ಧ ಸೆಕೆಂಡ್ ಕಳೆಯುತ್ತದೆ. ಲಾಗಿನ್ ಎಂಬುದು ಒಂದೇ ಪ್ರಶ್ನೋತ್ತರದಲ್ಲಿ ಮುಗಿಯುವುದಿಲ್ಲ. ಸರ್ವರ್ ಎಲ್ಲಿದೆ ಎಂದು ಹುಡುಕುವುದು, ಗುರುತು ಸಾಬೀತುಪಡಿಸುವುದು, ಸ್ಕ್ರಿಪ್ಟ್ ತರಿಸಿಕೊಳ್ಳುವುದು ಎಂದು ಹತ್ತಾರು ಸಲ ಮಾತು ಆಚೀಚೆ ಹೋಗಬೇಕು. ಹೀಗಾಗಿ ಲೈನಿನ ಅಗಲ ಸಾಕಷ್ಟಿದ್ದರೂ ವಿಳಂಬದಿಂದಲೇ ಶಾಖೆಯವರು ಪರದೆ ನೋಡುತ್ತ ಕೂರಬೇಕಾಗುತ್ತಿತ್ತು. ಅಗಲವನ್ನಷ್ಟೇ ಅಳೆದು ವಿಳಂಬವನ್ನು ಮರೆತ ಯೋಜನೆಗಳು ಆಗಲೂ ಕೆಟ್ಟವು, ಈಗಲೂ ಕೆಡುತ್ತವೆ.

ಆದರೆ ಬಿಡಿಸಿಗೂ ಲೈನ್ ಬೇಕಿತ್ತು. ಬದಲಾವಣೆಗಳನ್ನು ಬರೆದಿಡಲು ಪಿಡಿಸಿಯಲ್ಲಿ ಇದ್ದದ್ದು 64 ಕಿಲೋಬೈಟ್‌ನ ಲಾಗ್. ಶಾಖೆಯ ಲೈನ್ ಕೆಲವು ದಿನ ಸತ್ತುಹೋಗಿ, ಅಷ್ಟರಲ್ಲಿ ಆ ಲಾಗ್ ತುಂಬಿ ಹಳೆಯ ಬರಹ ಅಳಿಸಿಹೋದರೆ, ಬಿಡಿಸಿ ಇಡೀ ಪಟ್ಟಿಯನ್ನು ಹೊಸದಾಗಿ ತರಿಸಿಕೊಳ್ಳಬೇಕು. ಎನ್‌ಟಿ ಡೊಮೈನ್‌ಗೆ ಶಿಫಾರಸು ಮಾಡಿದ್ದ ಗರಿಷ್ಠ ಗಾತ್ರ 40 ಮೆಗಾಬೈಟ್. ಅಷ್ಟನ್ನು 9.6 ಕಿಲೋಬಿಟ್ ಲೈನಿನಲ್ಲಿ ಎಳೆಯಲು, ಬೇರೆ ಯಾವ ಕೆಲಸವೂ ಲೈನಿನ ಮೇಲೆ ಇಲ್ಲದಿದ್ದರೂ, ಒಂಬತ್ತು ಗಂಟೆಗೂ ಹೆಚ್ಚು ಬೇಕು. ಅದಕ್ಕೇ ಅನುಭವಸ್ಥರು ರೆಪ್ಲಿಕೇಶನ್ ಗವರ್ನರ್ ಎಂಬ ಸೆಟ್ಟಿಂಗ್ ಬಳಸಿ ಹಗಲಿನಲ್ಲಿ ನಕಲಿನ ಹರಿವನ್ನು ತಗ್ಗಿಸಿ, ರಾತ್ರಿ ಬಿಡುತ್ತಿದ್ದರು. ಹೊಸ ಬಿಡಿಸಿಯನ್ನು ಕಟ್ಟುವಾಗ ಪಿಡಿಸಿ ಎದುರಿಗೆ ಸಿಗಲೇಬೇಕಾದ್ದರಿಂದ, ಯಂತ್ರವನ್ನು ಪ್ರಧಾನ ಕಚೇರಿಯಲ್ಲೇ ಸಿದ್ಧಮಾಡಿ ಪೆಟ್ಟಿಗೆ ಕಟ್ಟಿ ಶಾಖೆಗೆ ಕಳುಹಿಸುವುದು ರೂಢಿಯಾಯಿತು.

ಹಾಗಾದರೆ ಬಿಡಿಸಿ ಇಲ್ಲದ ಶಾಖೆಯಲ್ಲಿ ಲೈನ್ ಕಡಿದರೆ ಕೆಲಸವೆಲ್ಲ ನಿಲ್ಲುತ್ತಿತ್ತೇ? ಪೂರ್ತಿ ನಿಲ್ಲುತ್ತಿರಲಿಲ್ಲ. ಎನ್‌ಟಿ ಕಾಲದಿಂದಲೂ ಪ್ರತಿ ವಿಂಡೋಸ್ ಕಂಪ್ಯೂಟರ್ ತನ್ನಲ್ಲಿ ಲಾಗಿನ್ ಆದ ಕೊನೆಯ ಹತ್ತು ಜನರ ಗುರುತನ್ನು ನೆನಪಿಟ್ಟುಕೊಳ್ಳುತ್ತದೆ. ಡಿಸಿ ಸಿಗದಿದ್ದರೂ ಅವರು ತಮ್ಮ ಯಂತ್ರದೊಳಗೆ ಬರಬಹುದು. ಕಷ್ಟ ಎದುರಾಗುವುದು ಅವರು ಪಕ್ಕದ ಕೋಣೆಯ ಫೈಲ್ ಸರ್ವರ್ ತೆರೆಯಲು ಹೋದಾಗ. ಆ ಸರ್ವರ್ ಬಂದವರ ಗುರುತನ್ನು ಡಿಸಿಯ ಹತ್ತಿರ ಕೇಳಿ ಖಚಿತಪಡಿಸಿಕೊಳ್ಳಬೇಕು; ಡಿಸಿ ಲೈನಿನಾಚೆ ಇದ್ದರೆ ಹತ್ತು ಅಡಿ ದೂರದ ಕಡತವೂ ಸಿಗದು. ಶಾಖೆಯಲ್ಲಿ ಫೈಲ್ ಸರ್ವರ್ ಇದೆಯೇ, ಅಲ್ಲೇ ಓಡುವ ಅಪ್ಲಿಕೇಶನ್ ಇದೆಯೇ ಎಂಬುದೇ ನಿಜವಾಗಿ ಕೇಳಬೇಕಾದ ಪ್ರಶ್ನೆ. ಎಲ್ಲ ಕೆಲಸವೂ ಪ್ರಧಾನ ಕಚೇರಿಯ ಸರ್ವರ್‌ನಲ್ಲೇ ನಡೆಯುವ ಶಾಖೆಗೆ ಲೈನ್ ಹೋದ ಮೇಲೆ ಡಿಸಿ ಇದ್ದು ಪ್ರಯೋಜನವಿಲ್ಲ. ಜನರ ತಲೆ ಎಣಿಸಿ, ಇಷ್ಟು ಮಂದಿ ದಾಟಿದರೆ ಡಿಸಿ ಇಡಬೇಕು ಎಂದು ಸೂತ್ರ ಹೇಳುವ ಪದ್ಧತಿ ಬಹಳ ವರ್ಷ ನಡೆಯಿತು. ಶಾಖೆಯ ಕೆಲಸವನ್ನು ನೋಡದೆ ಮಾಡಿದ ಆ ಎಣಿಕೆಯಿಂದ ಬೇಡದ ಕಡೆ ಸರ್ವರ್‌ಗಳು ಬಂದು ಕೂತವು.

2000ದ ಫೆಬ್ರವರಿ 17ರಂದು ವಿಂಡೋಸ್ 2000 ಬಿಡುಗಡೆಯಾಯಿತು. ಅದರೊಂದಿಗೆ ಬಂದ ಆಕ್ಟಿವ್ ಡೈರೆಕ್ಟರಿ ಪಿಡಿಸಿ-ಬಿಡಿಸಿ ಭೇದವನ್ನು ಅಳಿಸಿತು. ಈಗ ಪ್ರತಿ ಡಿಸಿಯೂ ಬರೆಯಬಲ್ಲದು. ಎಲ್ಲಿ ಬರೆದರೂ ಎಲ್ಲ ಕಡೆ ತಲುಪುತ್ತದೆ. ಎಂಐಟಿಯ ಅಥೀನಾ ಯೋಜನೆಯಲ್ಲಿ ಹುಟ್ಟಿದ ಕರ್ಬರೋಸ್ ಗುರುತು ಪತ್ತೆಯ ಕೆಲಸಕ್ಕೆ ಬಂತು, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಎಲ್‌ಡ್ಯಾಪ್ ಪಟ್ಟಿಯನ್ನು ಓದುವ ಭಾಷೆಯಾಯಿತು. ಕರ್ಬರೋಸ್ ಕೊಡುವ ಟಿಕೆಟ್ ಸಾಮಾನ್ಯವಾಗಿ ಹತ್ತು ಗಂಟೆ ಬಾಳುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಫೈಲ್ ಸರ್ವರ್‌ಗೆ ಟಿಕೆಟ್ ಪಡೆದವರಿಗೆ ಹನ್ನೊಂದಕ್ಕೆ ಲೈನ್ ಕಡಿದರೂ ಸಂಜೆಯವರೆಗೆ ತೊಂದರೆಯಿಲ್ಲ. ಹನ್ನೊಂದೂವರೆಗೆ ಬಂದವರಿಗೆ ಮಾತ್ರ ಬಾಗಿಲು ತೆರೆಯದು.

ಶಾಖೆಗಳ ದೃಷ್ಟಿಯಿಂದ ವಿಂಡೋಸ್ 2000ದ ಮುಖ್ಯ ಕೊಡುಗೆ ಸೈಟ್. ಎನ್‌ಟಿಗೆ ಭೂಗೋಳ ಗೊತ್ತಿರಲಿಲ್ಲ. ಆಕ್ಟಿವ್ ಡೈರೆಕ್ಟರಿಯಲ್ಲಿ ಯಾವ ಐಪಿ ಸಬ್‌ನೆಟ್, ಅಂದರೆ ವಿಳಾಸಗಳ ಗುಂಪು, ಯಾವ ಸೈಟಿನದು ಎಂದು ಅಡ್ಮಿನಿಸ್ಟ್ರೇಟರ್ ಬರೆದಿಡುತ್ತಾರೆ. ಕಂಪ್ಯೂಟರ್ ಮೊದಲು ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಯಾವುದಾದರೊಂದು ಡಿಸಿಯ ವಿಳಾಸ ಕೇಳುತ್ತದೆ, ಅದನ್ನು ಸಂಪರ್ಕಿಸುತ್ತದೆ. ಆ ಡಿಸಿ ಬಂದವರ ಐಪಿ ನೋಡಿ, ನೀನು ಇಂಥ ಸೈಟಿನವನು ಎಂದು ತಿಳಿಸುತ್ತದೆ. ಕಂಪ್ಯೂಟರ್ ಮತ್ತೆ ಡಿಎನ್‌ಎಸ್‌ಗೆ ಹೋಗಿ ಆ ಸೈಟಿನ ಡಿಸಿಯನ್ನೇ ಕೇಳಿ ಪಡೆಯುತ್ತದೆ. ಸೈಟಿನೊಳಗೆ ನಕಲು ಬೇಗ ಹರಡುತ್ತದೆ. ಸೈಟ್‌ಗಳ ನಡುವೆ ಅದು ಕುಗ್ಗಿಸಿದ ರೂಪದಲ್ಲಿ, ಮೊದಲೇ ಗೊತ್ತುಮಾಡಿದ ವೇಳೆಗೆ ಸಾಗುತ್ತದೆ. ಬದಲಿಸದಿದ್ದರೆ 180 ನಿಮಿಷಕ್ಕೊಮ್ಮೆ, ಕಡಿಮೆ ಮಾಡಿದರೆ 15 ನಿಮಿಷದವರೆಗೆ. ರಾತ್ರಿ ಮಾತ್ರ ಸಾಗಲಿ ಎಂದೂ ಗೊತ್ತುಪಡಿಸಬಹುದು. ಲೈನಿನ ಬಡತನವನ್ನು ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಇದು, ಮೆಚ್ಚಬೇಕಾದದ್ದೇ.

ಹೀಗೆ ಡಿಸಿ ಇಡುವುದು ಸುಲಭವಾದಂತೆ ಶಾಖೆಶಾಖೆಗೂ ಡಿಸಿಗಳು ಹೋದವು, ಹೊಸ ತೊಡಕುಗಳೂ ಹಿಂದೆಯೇ ಹೋದವು. ಸೈಟ್‌ಗಳ ನಡುವೆ ನಕಲು ಸಾಗುವ ದಾರಿಯನ್ನು ಲೆಕ್ಕಹಾಕುವ ಕೆಸಿಸಿ ಎಂಬ ಭಾಗದ ಶ್ರಮ ಸೈಟ್‌ಗಳ ಸಂಖ್ಯೆಯ ವರ್ಗದಷ್ಟು ಏರುತ್ತಿತ್ತು. ನೂರಾರು ಶಾಖೆಗಳಿದ್ದ ಸಂಸ್ಥೆಗಳು ಅದನ್ನು ನಿಲ್ಲಿಸಿ ದಾರಿಗಳನ್ನು ಕೈಯಿಂದಲೇ ಬರೆಯಬೇಕಾಯಿತು. ಇದಕ್ಕೆಂದೇ ಮೈಕ್ರೋಸಾಫ್ಟ್ ಶಾಖಾ ಕಚೇರಿಗಳ ಯೋಜನೆಯ ಪ್ರತ್ಯೇಕ ಕೈಪಿಡಿಯನ್ನು ಹೊರತರಬೇಕಾಯಿತು. ವಿಂಡೋಸ್ ಸರ್ವರ್ 2003ರಲ್ಲಿ ಲೆಕ್ಕದ ಕ್ರಮವನ್ನೇ ಬದಲಿಸಿದ ಮೇಲೆ ಆ ಕಾಟ ತಗ್ಗಿತು.

ಇನ್ನೊಂದು ತೊಡಕು ಬಹಳ ಜನರನ್ನು ಏಮಾರಿಸಿತು. ಹಲವು ಡೊಮೈನ್‌ಗಳಿರುವ ಸಂಸ್ಥೆಯಲ್ಲಿ ಬಳಕೆದಾರರು ಯಾವ ಯೂನಿವರ್ಸಲ್ ಗುಂಪುಗಳಿಗೆ ಸೇರಿದ್ದಾರೆಂದು ತಿಳಿಯಲು ಗ್ಲೋಬಲ್ ಕ್ಯಾಟಲಾಗ್ ಎಂಬ ವಿಶೇಷ ಡಿಸಿ ಬೇಕು. ಶಾಖೆಯಲ್ಲಿ ಡಿಸಿ ಇದ್ದು ಗ್ಲೋಬಲ್ ಕ್ಯಾಟಲಾಗ್ ಲೈನಿನಾಚೆ ಇದ್ದರೆ, ಲೈನ್ ಹೋದಾಗ ಲಾಗಿನ್ ಕೂಡ ಹೋಗುತ್ತಿತ್ತು. ಸರ್ವರ್ ಕೊಂಡು, ಸಾಗಿಸಿ, ಕರೆಂಟು ಕೊಟ್ಟು ಸಾಕಿದ್ದೆಲ್ಲ ದಂಡ. ಶಾಖೆಯ ಕಂಪ್ಯೂಟರ್‌ಗಳಿಗೆ ಪ್ರಧಾನ ಕಚೇರಿಯ ಡಿಎನ್‌ಎಸ್ ವಿಳಾಸವನ್ನಷ್ಟೇ ಕೊಟ್ಟಿದ್ದರೂ ಗತಿ ಇದೇ: ಡಿಸಿ ಪಕ್ಕದಲ್ಲಿದ್ದರೂ ಅದನ್ನು ಹುಡುಕುವ ದಾರಿ ಕಡಿದಿರುತ್ತದೆ. 2003ರ ಆವೃತ್ತಿ ಗುಂಪಿನ ಮಾಹಿತಿಯನ್ನು ಶಾಖೆಯ ಡಿಸಿಯಲ್ಲೇ ನೆನಪಿಟ್ಟು ಎಂಟು ಗಂಟೆಗೊಮ್ಮೆ ಹೊಸದಾಗಿಸುವ ಏರ್ಪಾಡು ತಂದಿತು. ಪಟ್ಟಿಯ ಮೊದಲ ನಕಲನ್ನು ಲೈನಿನ ಬದಲು ಸಿಡಿ ಅಥವಾ ಟೇಪಿನಲ್ಲಿ ಕಳುಹಿಸಿ ಹೊಸ ಡಿಸಿ ಕಟ್ಟುವ ಸೌಲಭ್ಯವೂ ಆಗಲೇ ಬಂತು.

ಮರೆತುಹೋದ ಡಿಸಿ ಇನ್ನೂ ಅಪಾಯಕಾರಿ. ಆಕ್ಟಿವ್ ಡೈರೆಕ್ಟರಿಯಲ್ಲಿ ಖಾತೆಯೊಂದನ್ನು ಅಳಿಸಿದರೆ ಅದರ ಅಳಿವಿನ ಗುರುತು ಮೊದಲ ಆವೃತ್ತಿಗಳಲ್ಲಿ 60 ದಿನ ಉಳಿಯುತ್ತಿತ್ತು. ಅಷ್ಟರೊಳಗೆ ಆ ಸುದ್ದಿ ಎಲ್ಲ ಡಿಸಿಗಳಿಗೂ ತಲುಪಬೇಕು. ಲೈನ್ ಕೆಟ್ಟೋ ಯಂತ್ರ ಕೆಟ್ಟೋ ಎರಡು ತಿಂಗಳಿಗಿಂತ ಹೆಚ್ಚು ದೂರ ಉಳಿದ ಶಾಖೆಯ ಡಿಸಿಗೆ ಅಳಿಸಿದ ಸುದ್ದಿ ತಿಳಿಯುವುದೇ ಇಲ್ಲ. ಕೆಲಸ ಬಿಟ್ಟು ಹೋದವರ ಖಾತೆ ಅಲ್ಲಿ ಜೀವಂತವಾಗಿರುತ್ತದೆ, ಕೆಲವೊಮ್ಮೆ ಅಲ್ಲಿಂದ ಉಳಿದೆಡೆಗೂ ಮರಳುತ್ತದೆ. 2005ರ ಸರ್ವಿಸ್ ಪ್ಯಾಕ್ ಈ ಅವಧಿಯನ್ನು ಹೊಸ ಸ್ಥಾಪನೆಗಳಿಗೆ 180 ದಿನಕ್ಕೆ ಏರಿಸಿತು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ವಿದೇಶಿ ಗ್ರಾಹಕರ ಸರ್ವರ್‌ಗಳನ್ನು ರಾತ್ರಿ ಪಾಳಿಯಲ್ಲಿ ಕಾಯ್ದ ಇಂಜಿನಿಯರ್‌ಗಳಿಗೆ ಇದು ಚಿರಪರಿಚಿತ. ರೆಪ್‌ಅಡ್ಮಿನ್ ಆಜ್ಞೆ ಕೊಟ್ಟು ಯಾವ ಡಿಸಿ ಎಷ್ಟು ದಿನದಿಂದ ಮಾತಾಡಿಲ್ಲ ಎಂದು ನೋಡುವುದು ಅವರ ಪಾಳಿಯ ಮೊದಲ ಕೆಲಸಗಳಲ್ಲೊಂದು.

ಇಷ್ಟೆಲ್ಲ ಚರ್ಚೆ ಲೈನಿನ ಸುತ್ತ ನಡೆಯುತ್ತಿದ್ದಾಗ ಬೀಗದ ಮಾತು ಹಿಂದೆ ಉಳಿದಿತ್ತು. ಆಕ್ಟಿವ್ ಡೈರೆಕ್ಟರಿಯಲ್ಲಿ ನಕಲಿನ ಘಟಕ ಇಡೀ ಡೊಮೈನ್. ಐವತ್ತು ಸಾವಿರ ನೌಕರರ ಸಂಸ್ಥೆಯಲ್ಲಿ ಹದಿನೈದು ಜನರ ಶಾಖೆಗೆ ಡಿಸಿ ಕೊಟ್ಟರೆ, ಆ ಐವತ್ತು ಸಾವಿರ ಜನರ ಪಾಸ್‌ವರ್ಡ್ ಗುರುತುಗಳೂ ಶಾಖೆಗೆ ಹೋಗುತ್ತವೆ. ಪ್ರಧಾನ ಕಚೇರಿಯಲ್ಲಿ ಅದೇ ಮಾಹಿತಿ ಕಾವಲಿರುವ ಡೇಟಾ ಸೆಂಟರ್‌ನಲ್ಲಿದ್ದರೆ, ಶಾಖೆಯಲ್ಲಿ ಅದು ಮೇಜಿನ ಕೆಳಗೆ, ಲೇಖನ ಸಾಮಗ್ರಿಯ ಕೋಣೆಯಲ್ಲಿ, ಝೆರಾಕ್ಸ್ ಯಂತ್ರದ ಪಕ್ಕದಲ್ಲಿ ಇರುತ್ತಿತ್ತು. ಯಂತ್ರವನ್ನು ಹೊತ್ತೊಯ್ದವರಿಗೆ ಎಲ್ಲರ ಪಾಸ್‌ವರ್ಡ್ ಒಡೆಯಲು ಬೇಕಾದಷ್ಟು ಸಮಯ. 1997ರ ಹೊತ್ತಿಗೇ ಎಲ್0ಫ್ಟ್‌ಕ್ರ್ಯಾಕ್‌ನಂಥ ಉಪಕರಣಗಳು ಎನ್‌ಟಿ ಪಾಸ್‌ವರ್ಡ್‌ಗಳನ್ನು ಒಡೆಯುವುದು ಎಷ್ಟು ಸುಲಭವೆಂದು ತೋರಿಸಿದ್ದವು. ಕದಿಯುವುದೂ ಬೇಕಿಲ್ಲ: ಬರೆಯಬಲ್ಲ ಡಿಸಿಯ ಡಿಸ್ಕಿನಲ್ಲಿ ಕೈಯಾಡಿಸಿ ಮತ್ತೆ ಚಾಲೂ ಮಾಡಿದರೆ, ಆ ತಿದ್ದುಪಡಿ ಇಡೀ ಸಂಸ್ಥೆಗೆ ಹರಡಬಲ್ಲದು. ಡಿಸಿಯಲ್ಲಿ ಸ್ಥಳೀಯ ಖಾತೆ ಎಂಬುದೇ ಇಲ್ಲದ್ದರಿಂದ, ಡ್ರೈವರ್ ಹಾಕಲು ಅಥವಾ ಬ್ಯಾಕಪ್ ನೋಡಿಕೊಳ್ಳಲು ಶಾಖೆಯ ತಂತ್ರಜ್ಞರಿಗೆ ಕೊಟ್ಟ ಅಧಿಕಾರ ಇಡೀ ಡೊಮೈನಿಗೆ ಚಾಚಿಕೊಳ್ಳುತ್ತಿತ್ತು. ಹತ್ತು ವರ್ಷ ಸಂಸ್ಥೆಗಳು ಈ ಅಪಾಯವನ್ನು ತಿಳಿದೂ ಸಹಿಸಿದ್ದು ಲೈನ್‌ಗಳ ಮೇಲಿನ ಅಪನಂಬಿಕೆಯಿಂದ. ಈ ಇತಿಹಾಸದ ದೊಡ್ಡ ತಪ್ಪು ಲೆಕ್ಕ ಇದೇ.

ಮೈಕ್ರೋಸಾಫ್ಟ್ ಇದಕ್ಕೆ ಕೊಟ್ಟ ಉತ್ತರ 2008ರ ಫೆಬ್ರವರಿಯಲ್ಲಿ ವಿಂಡೋಸ್ ಸರ್ವರ್ 2008ರ ಜೊತೆ ಬಂದ ರೀಡ್ ಓನ್ಲಿ ಡೊಮೈನ್ ಕಂಟ್ರೋಲರ್, ಆರ್‌ಓಡಿಸಿ. ಬರೆಯಲಾಗದ ನಕಲು ಎಂಬ ಮಟ್ಟಿಗೆ ಇದು ಎನ್‌ಟಿ ಕಾಲದ ಬಿಡಿಸಿಗೆ ಮರಳಿದಂತೆ. ಉದ್ದೇಶ ಮಾತ್ರ ಬೇರೆ. ಖಾತೆಗಳ ಪಟ್ಟಿ ಅದರಲ್ಲಿರುತ್ತದೆ, ಪಾಸ್‌ವರ್ಡ್‌ಗಳು ಇರುವುದಿಲ್ಲ. ಯಾರ ಪಾಸ್‌ವರ್ಡ್ ಅಲ್ಲಿ ಉಳಿಯಬಹುದೆಂದು ಅಡ್ಮಿನಿಸ್ಟ್ರೇಟರ್ ಅನುಮತಿ ಪಟ್ಟಿಯಲ್ಲಿ ಹೇಳಬೇಕು. ಡೊಮೈನ್ ಅಡ್ಮಿನ್‌ಗಳಂಥ ಖಾತೆಗಳು ಮೊದಲಿಂದಲೇ ನಿರಾಕರಣೆಯ ಪಟ್ಟಿಯಲ್ಲಿರುತ್ತವೆ. ಕರ್ಬರೋಸ್ ಟಿಕೆಟ್‌ಗೆ ಸಹಿ ಹಾಕುವ ಕೀಲಿ ಪ್ರತಿ ಆರ್‌ಓಡಿಸಿಗೂ ಬೇರೆಯೇ. ಶಾಖೆಯ ತಂತ್ರಜ್ಞರಿಗೆ ಆ ಒಂದು ಯಂತ್ರದ ಮೇಲಷ್ಟೇ ಅಧಿಕಾರ ಕೊಡಬಹುದು. ಯಂತ್ರ ಕಳುವಾದರೆ ಅದರ ಖಾತೆಯನ್ನು ಅಳಿಸುವಾಗಲೇ, ಅದರಲ್ಲಿ ಯಾರ ಪಾಸ್‌ವರ್ಡ್‌ಗಳಿದ್ದವೋ ಅವರದನ್ನಷ್ಟೇ ರದ್ದುಮಾಡುವ ಆಯ್ಕೆ ಕಣ್ಣೆದುರಿಗೆ ಬರುತ್ತದೆ. ಐವತ್ತು ಸಾವಿರ ಪಾಸ್‌ವರ್ಡ್ ಬದಲಿಸುವುದೆಲ್ಲಿ, ಹದಿನೈದು ಬದಲಿಸುವುದೆಲ್ಲಿ.

ಆರ್‌ಓಡಿಸಿ ಇಟ್ಟವರು ಎಡವಿದ ಜಾಗವನ್ನೂ ಹೇಳಬೇಕು. ಲೈನ್ ಕಡಿದಾಗ ಲಾಗಿನ್ ನಡೆಯಬೇಕಾದರೆ ಬಳಕೆದಾರರ ಪಾಸ್‌ವರ್ಡ್‌ನಂತೆ ಅವರು ಕೂತ ಕಂಪ್ಯೂಟರ್‌ನ ಪಾಸ್‌ವರ್ಡ್ ಕೂಡ ಆರ್‌ಓಡಿಸಿಯಲ್ಲಿ ಇರಬೇಕು. ಡೊಮೈನಿನಲ್ಲಿ ಕಂಪ್ಯೂಟರ್‌ಗೂ ತನ್ನದೇ ಖಾತೆಯಿದೆ. ಜನರನ್ನು ಅನುಮತಿ ಪಟ್ಟಿಗೆ ಸೇರಿಸಿ ಯಂತ್ರಗಳನ್ನು ಮರೆತ ಶಾಖೆಗಳಿಗೆ ಲೈನ್ ಹೋದ ದಿನವೇ ಅದು ಗೊತ್ತಾಯಿತು. ಎಕ್ಸ್‌ಚೇಂಜ್ ಮೇಲ್ ಸರ್ವರ್ ಆರ್‌ಓಡಿಸಿಯನ್ನು ಬಳಸುವುದಿಲ್ಲ ಎಂಬುದೂ ಅನೇಕರ ಯೋಜನೆಯನ್ನು ತಿರುಗಿ ಬರೆಸಿತು.

ಶಾಖೆಯ ಡಿಸಿಗಳ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧವಾದ ಘಟನೆ ನಡೆದದ್ದು 2017ರಲ್ಲಿ. ಜೂನ್ 27ರಂದು ಉಕ್ರೇನಿನ ತೆರಿಗೆ ಲೆಕ್ಕದ ಸಾಫ್ಟ್‌ವೇರ್ ಒಂದರ ಮೂಲಕ ಹೊರಟ ನಾಟ್‌ಪೆಟ್ಯಾ ಕುತಂತ್ರಾಂಶ, ಡೆನ್ಮಾರ್ಕಿನ ಹಡಗು ಸಾರಿಗೆ ಸಂಸ್ಥೆ ಮೆರ್ಸ್ಕ್‌ನ ಜಾಲವನ್ನು ಗಂಟೆಗಳಲ್ಲಿ ಅಳಿಸಿಹಾಕಿತು. ಆ್ಯಂಡಿ ಗ್ರೀನ್‌ಬರ್ಗ್ ವೈರ್ಡ್ ಪತ್ರಿಕೆಗೆ ಬರೆದ ವರದಿಯ ಪ್ರಕಾರ ಮೆರ್ಸ್ಕ್‌ನ ಸುಮಾರು 150 ಡಿಸಿಗಳು ಒಂದಕ್ಕೊಂದು ನಕಲಾಗಿದ್ದವು. ಒಂದು ಹೋದರೆ ಇನ್ನೊಂದಿದೆ ಎಂಬ ಧೈರ್ಯದಲ್ಲಿ, ಎಲ್ಲವೂ ಒಟ್ಟಿಗೆ ಹೋಗುವ ಸಂದರ್ಭವನ್ನು ಯಾರೂ ಎಣಿಸಿರಲಿಲ್ಲ. ಉಳಿದದ್ದು ಘಾನಾದ ಕಚೇರಿಯ ಒಂದೇ ಡಿಸಿ. ದಾಳಿಗೆ ಮುಂಚೆ ಅಲ್ಲಿ ಕರೆಂಟು ಹೋಗಿ ಆ ಯಂತ್ರ ಜಾಲದಿಂದ ಬೇರೆಯಾಗಿತ್ತು. ಪಟ್ಟಿಯನ್ನು, ಜಾಲವನ್ನು ಮತ್ತೆ ಕಟ್ಟುವ ಕೆಲಸ ನಡೆಯುತ್ತಿದ್ದ ಇಂಗ್ಲೆಂಡಿಗೆ ಕಳುಹಿಸೋಣವೆಂದರೆ ಘಾನಾದ ಲೈನ್ ತೀರ ಸಣ್ಣದು, ದಿನಗಟ್ಟಲೆ ಹಿಡಿಯುತ್ತದೆ. ಅಲ್ಲಿನ ನೌಕರರಿಗೆ ಬ್ರಿಟನ್ ವೀಸಾ ಇರಲಿಲ್ಲ. ಕೊನೆಗೆ ಒಬ್ಬರು ಡಿಸ್ಕ್ ಹಿಡಿದು ನೈಜೀರಿಯಾಕ್ಕೆ ಹಾರಿ, ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬ ನೌಕರರ ಕೈಗೆ ಒಪ್ಪಿಸಿ, ಅವರು ಲಂಡನ್‌ಗೆ ತಲುಪಿಸಿದರು. ಆ ಡಿಸ್ಕಿನಿಂದ ಮೆರ್ಸ್ಕ್‌ನ ಡೈರೆಕ್ಟರಿ ಮತ್ತೆ ಎದ್ದಿತು. ಹತ್ತು ದಿನಗಳಲ್ಲಿ 4,000 ಸರ್ವರ್ ಮತ್ತು 45,000 ಪಿಸಿಗಳನ್ನು ಹೊಸದಾಗಿ ಕಟ್ಟಿದೆವೆಂದು ಸಂಸ್ಥೆಯ ಆಗಿನ ಅಧ್ಯಕ್ಷ ಜಿಮ್ ಹಾಗೆಮಾನ್ ಸ್ನಾಬೆ 2018ರ ದಾವೋಸ್ ಸಭೆಯಲ್ಲಿ ಹೇಳಿದರು. ದೂರದ ಶಾಖೆಯಲ್ಲಿ ಡಿಸಿ ಇದ್ದದ್ದೇ ಒಳ್ಳೆಯದಾಯಿತು ಎಂದು ಇದನ್ನು ಉದಾಹರಿಸುವವರಿದ್ದಾರೆ. ಅದು ಸರಿಯಲ್ಲ. ಉಳಿಸಿದ್ದು ಕರೆಂಟು ಹೋದ ಅದೃಷ್ಟ. ಜಾಲದಿಂದ ಬೇರ್ಪಡಿಸಿಟ್ಟ ಒಂದು ಬ್ಯಾಕಪ್ ಪ್ರಧಾನ ಕಚೇರಿಯಲ್ಲೇ ಇದ್ದಿದ್ದರೆ ಘಾನಾದಿಂದ ಡಿಸ್ಕ್ ತರಬೇಕಾಗಿರಲಿಲ್ಲ.

ಅಷ್ಟು ಹೊತ್ತಿಗೆ ಪ್ರಶ್ನೆಯ ನೆಲವೇ ಸರಿದಿತ್ತು. ಲೈನ್‌ಗಳು ಮೆಗಾಬಿಟ್‌ಗಳಿಗೆ ಏರಿ, ಶಾಖೆಗೆ ಎರಡೆರಡು ಬ್ರಾಡ್‌ಬ್ಯಾಂಡ್ ಸಂಪರ್ಕ ಕೊಡುವುದು ಒಂದು ಸರ್ವರ್ ಸಾಕುವುದಕ್ಕಿಂತ ಅಗ್ಗವಾಯಿತು. 2011ರಲ್ಲಿ ಆಫೀಸ್ 365 ಬಂದು ಮೇಲ್ ಮತ್ತು ಕಡತಗಳು ಇಂಟರ್‌ನೆಟ್‌ಗೆ ಹೋದವು. 2013ರ ಏಪ್ರಿಲ್‌ನಲ್ಲಿ ಅಜೂರ್ ಆಕ್ಟಿವ್ ಡೈರೆಕ್ಟರಿ ಸಾರ್ವಜನಿಕ ಬಳಕೆಗೆ ತೆರೆಯಿತು. 2023ರಲ್ಲಿ ಅದಕ್ಕೆ ಎಂಟ್ರಾ ಐಡಿ ಎಂಬ ಹೊಸ ಹೆಸರಿಟ್ಟರು. 2015ರ ವಿಂಡೋಸ್ 10 ಕಂಪ್ಯೂಟರ್ ಯಾವ ಡಿಸಿಯನ್ನೂ ಕಾಣದೆ ನೇರವಾಗಿ ಅದಕ್ಕೆ ಸೇರಬಲ್ಲದಾಯಿತು. 2020ರಲ್ಲಿ ಕೊರೊನಾದಿಂದ ಪ್ರತಿ ಮನೆಯೂ ಒಬ್ಬೊಬ್ಬರ ಶಾಖೆಯಾದಾಗ, ಮನೆಗೊಂದು ಡಿಸಿ ಎಂಬ ಮಾತೇ ಬರಲಿಲ್ಲ. ಅದೇ ವರ್ಷ ಬಯಲಾದ ಝೀರೋಲಾಗನ್ ದೋಷ, ಜಾಲದಲ್ಲಿ ಡಿಸಿಯನ್ನು ತಲುಪಬಲ್ಲವರು ಯಾರೇ ಆದರೂ ಅದರ ಒಡೆಯರಾಗಬಹುದೆಂದು ತೋರಿಸಿತು. ಪ್ರತಿ ಡಿಸಿಗೂ ತುರ್ತಾಗಿ ಪ್ಯಾಚ್ ಹಾಕಬೇಕಾದಾಗ ನೂರು ಡಿಸಿಗಳ ಸಂಸ್ಥೆಗೂ ನಾಲ್ಕು ಡಿಸಿಗಳ ಸಂಸ್ಥೆಗೂ ಇರುವ ವ್ಯತ್ಯಾಸ ಎಲ್ಲರ ಅನುಭವಕ್ಕೆ ಬಂತು.

ಇಂದು ಶಾಖೆಗೆ ಸ್ವಂತ ಡಿಸಿ ನ್ಯಾಯವಾಗಿ ಬೇಕಾಗುವುದು ಲೈನ್ ಇಲ್ಲದಾಗಲೂ ಕೆಲಸ ನಿಲ್ಲಬಾರದ ಜಾಗಗಳಿಗೆ: ಯಂತ್ರಗಳನ್ನು ನಡೆಸುವ ಸಾಫ್ಟ್‌ವೇರ್ ಅಲ್ಲೇ ಓಡುವ ಕಾರ್ಖಾನೆ, ಗಣಿ, ಹಡಗು, ಆಸ್ಪತ್ರೆ. ಅಲ್ಲಿ ಬೀಗದ ಕೋಣೆಯಿದ್ದರೆ ಪೂರ್ಣ ಡಿಸಿ, ಇಲ್ಲದಿದ್ದರೆ ಆರ್‌ಓಡಿಸಿ. ಉಳಿದ ಶಾಖೆಗಳ ಹಳೆಯ ಡಿಸಿಗಳನ್ನು ತೆಗೆಯುವುದೇ ಈಗಿನ ಕೆಲಸ, ಅದನ್ನೂ ಕ್ರಮವಾಗಿ ಮಾಡಬೇಕು. ಯಂತ್ರವನ್ನು ಸುಮ್ಮನೆ ಆರಿಸದೆ ಡಿಸಿ ಪಟ್ಟದಿಂದ ವಿಧಿವತ್ತಾಗಿ ಇಳಿಸಬೇಕು, ಡಿಎನ್‌ಎಸ್‌ನಲ್ಲಿ ಅದರ ದಾಖಲೆಗಳು ಅಳಿದಿವೆಯೇ ನೋಡಬೇಕು, ಶಾಖೆಯ ಸಬ್‌ನೆಟ್ಟನ್ನು ಹತ್ತಿರದ ಸೈಟಿಗೆ ಬರೆಯಬೇಕು. ಸಬ್‌ನೆಟ್ ಯಾವ ಸೈಟಿಗೂ ಸೇರದೆ ಉಳಿದರೆ ಶಾಖೆಯ ಕಂಪ್ಯೂಟರ್‌ಗಳು ಕೈಗೆ ಸಿಕ್ಕ ಯಾವುದೋ ಡಿಸಿಯನ್ನು, ಅದು ಬೇರೆ ಖಂಡದಲ್ಲಿದ್ದರೂ, ಹಿಡಿದುಕೊಳ್ಳುತ್ತವೆ.